ಬೆಟ್ಟದ ದಾರಿಯಲ್ಲೂ ಮಿತಿ ಬೇಕು

ಕಾರ್ಕಳ ದಾಟಿ ಬಜಗೋಳಿ ತಲುಪಿದವರ ಕಣ್ಣೆದುರು ಘಟ್ಟದ ಸಾಲು ತೆರೆದುಕೊಳ್ಳುತ್ತದೆ. ಇಲ್ಲಿಂದ ಮಾಳ, ಎಸ್.ಕೆ. ಬಾರ್ಡರ್ ಮಾರ್ಗವಾಗಿ ಕುದುರೆಮುಖಕ್ಕೆ ಹೋಗುವ ರಸ್ತೆ ರಾಷ್ಟ್ರೀಯ ಉದ್ಯಾನವನ್ನು ಸೀಳಿಕೊಂಡೇ ಸಾಗುತ್ತದೆ. ಮಳೆಗಾಲದ ಭಾನುವಾರಗಳಲ್ಲಿ ಕರಾವಳಿಯ ಮಂದಿಗೆ ಇದು ಅಚ್ಚುಮೆಚ್ಚಿನ ದಾರಿ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಬಳಿಕ ಸರ್ಕಾರ ಎಚ್ಚೆತ್ತು, ಚಾರಣಕ್ಕೆ ಆನ್‌ಲೈನ್ ನೋಂದಣಿಯನ್ನು ಕಡ್ಡಾಯಗೊಳಿಸಿತು. ಪಥವೊಂದಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯನ್ನೂ ಪ್ರಕಟಿಸಿತು. ಇದು ಸ್ವಾಗತಾರ್ಹ. ಆದರೆ ಶಿಖರವೇರುವವರನ್ನು ಎಣಿಸಿದಷ್ಟಕ್ಕೇ ಬೆಟ್ಟ ಉಳಿಯದು. ತಿರುವುಗಳಲ್ಲಿ ಕಾರು ನಿಲ್ಲಿಸಿ, ಬಾಟಲಿ, ತಿಂಡಿ ಪೊಟ್ಟಣಗಳನ್ನು ಎಸೆದು ಮುಂದೆ ಸಾಗುವವರು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಕುದುರೆಮುಖವನ್ನು ಉಳಿಸಿಕೊಂಡದ್ದು ಸುಲಭದ ಕೆಲಸವಾಗಿರಲಿಲ್ಲ. ಸಿಂಗಳೀಕಗಳ ನೆಲೆಯಾದ ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದರೂ ಅದಿರು ಅಗೆತ ನಿಲ್ಲಲಿಲ್ಲ. ಜನರ ಹೋರಾಟ, 2002ರ ಸುಪ್ರೀಂ ಕೋರ್ಟ್ ತೀರ್ಪುಗಳ ಫಲವಾಗಿ 2005ರ ಕೊನೆಗೆ ಗಣಿ ಮುಚ್ಚಿತು. ಯಂತ್ರಗಳನ್ನು ಕಳುಹಿಸಿದ ಬೆಟ್ಟವನ್ನು ಮೋಜಿನ ಕೈಗೆ ಒಪ್ಪಿಸುವುದು ವಿವೇಕವಲ್ಲ.

ಈ ಮಾತು ಕೇವಲ ಸೌಂದರ್ಯಕ್ಕೆ ಸಂಬಂಧಿಸಿದ್ದಲ್ಲ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವುದು ಇದೇ ಉದ್ಯಾನದ ಬೆಟ್ಟಗಳಲ್ಲಿ. ಉಡುಪಿ ನಗರಕ್ಕೆ ನೀರುಣಿಸುವ ಬಜೆ ಅಣೆಕಟ್ಟೆಗೆ ಬರುವ ಸ್ವರ್ಣಾ ನದಿಯ ಮೂಲವೂ ಘಟ್ಟದ ಈ ಮಗ್ಗುಲೇ. ಶೋಲಾ ಕಾಡು, ಹುಲ್ಲುಗಾವಲುಗಳು ಮಳೆನೀರನ್ನು ಹೀರಿಟ್ಟು ಮೆಲ್ಲನೆ ಬಿಡುವುದರಿಂದಲೇ ಬೇಸಗೆಯಲ್ಲೂ ಹೊಳೆಗಳಲ್ಲಿ ಒರತೆ ಉಳಿಯುತ್ತದೆ.

ಹಾಗೆಂದು ಜನರಿಗೆ ಬಾಗಿಲು ಮುಚ್ಚುವುದೂ ಪರಿಹಾರವಲ್ಲ. ಕಾಡನ್ನು ಕಾಣದವರು ಅದರ ಪರವಾಗಿ ದನಿ ಎತ್ತಲಾರರು. ರಜಾದಿನಗಳಲ್ಲಿ ವಿಹಾರದ ವಾಹನಗಳಿಗೂ ಮಿತಿ ಇರಲಿ. ಆಸ್ಪತ್ರೆಗೆ, ದುಡಿಮೆಗೆ ಓಡಾಡುವ ಸ್ಥಳೀಯರಿಗೆ ಅದರಿಂದ ತೊಂದರೆಯಾಗದಿರಲಿ. ಕಾಡು ಹೊಗುವ ಮೊದಲೇ, ಬಜಗೋಳಿಯಂಥ ಪೇಟೆಯಲ್ಲಿ, ಶೌಚಾಲಯ ಹಾಗೂ ಕಸ ಸಂಗ್ರಹದ ವ್ಯವಸ್ಥೆಯಾಗಲಿ. ಚಾರಣದ ಶುಲ್ಕದಲ್ಲಿ ಒಂದು ಪಾಲು ಊರಿನ ಯುವಕರನ್ನು ಮಾರ್ಗದರ್ಶಕರನ್ನಾಗಿ ತರಬೇತುಗೊಳಿಸಲು ವಿನಿಯೋಗವಾಗಲಿ.

ಉಳಿದುದು ನಮ್ಮ ಹೊಣೆ. ಉಡುಪಿಯ ಮನೆಯಲ್ಲಿ ನಲ್ಲಿ ತಿರುಗಿಸುವವನಿಗೂ ಘಟ್ಟದ ತಿರುವಿನಲ್ಲಿ ಬಾಟಲಿ ಎಸೆಯುವವನಿಗೂ ನೀರು ಬರುವುದು ಅದೇ ಬೆಟ್ಟದಿಂದ. ಎಷ್ಟೋ ಸಲ ಅವರಿಬ್ಬರೂ ಒಬ್ಬನೇ ಆಗಿರುತ್ತಾರೆ.