ಶಾಕ್ ಕೂತರೆ ಸಾಕಾ?

ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ, ಬೈಕ್ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೆ ಒಂದು ಮಾತು ಕಿವಿಗೆ ಬೀಳುತ್ತದೆ: ‘ಅದರದ್ದು ಇದಕ್ಕೆ ಕೂರುತ್ತೆ ಬಿಡಿ ಅಣ್ಣ.’ ಹಳೇ ಮಾಡೆಲ್‌ಗೆ ಹೊಸದರ ಹಿಂದಿನ ಶಾಕ್ ಅಬ್ಸಾರ್ಬರ್, ಹೊಸದಕ್ಕೆ ಇನ್ಯಾವುದೋ ಗಾಡಿಯ ಸ್ಪ್ರಿಂಗ್. ಬೋಲ್ಟ್ ಹೊಕ್ಕರೆ ಕೆಲಸ ಮುಗಿಯಿತು.

ಇದನ್ನು ಬರೀ ಶೋಕಿ ಎಂದು ಬೈಯುವವನು ನಾನಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕ್ ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ನಿಂತರೂ ಗಾಡಿಗಳು ನಿಲ್ಲಲಿಲ್ಲ. ಒಂದು ಗುಜರಿ ಸೇರಿದರೆ ಅದರ ಭಾಗ ಇನ್ನೊಂದನ್ನು ಓಡಿಸಿತು. ಜಾವಾದ್ದು ಯೆಜ್ಡಿಗೆ, ರೋಡ್‌ಕಿಂಗ್‌ದು ಕ್ಲಾಸಿಕ್‌ಗೆ ಎಂದು ಹೊಂದಿಸಿದ ನಮ್ಮ ಮೆಕ್ಯಾನಿಕ್‌ಗಳ ಕೈಗುಣವೇ ಎಷ್ಟೋ ಗಾಡಿಗಳನ್ನು ಉಳಿಸಿದೆ.

ನನ್ನ ತಕರಾರು ಒಂದೇ. ಕೂರುವುದು ಬೇರೆ, ಹೊಂದುವುದು ಬೇರೆ.

ಸ್ಪ್ರಿಂಗ್ ಭಾರ ಹೊರುತ್ತದೆ. ಅದರ ಜೊತೆಗಿರುವ ಎಣ್ಣೆಯ ಡ್ಯಾಂಪರ್ ಕುಣಿತವನ್ನು ತಡೆಯುತ್ತದೆ. ಶಾಕ್ ಉದ್ದವಾದರೆ ಗಾಡಿಯ ಹಿಂಭಾಗ ಏಳುತ್ತದೆ. ಚೈನಿನ ಬಿಗಿ ಬದಲಾಗುತ್ತದೆ, ಹ್ಯಾಂಡಲ್ ಚುರುಕಾಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಅತಿಯಾಗಿ ವಾಲುತ್ತದೆ. ಸ್ಪ್ರಿಂಗ್ ಮೆತ್ತಗಾದರೆ ಹಿಂದೆ ಇಬ್ಬರು ಕೂತಾಗ ಗಾಡಿ ಕುಸಿದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗಟ್ಟಿಯಾದರೆ ಖಾಲಿ ಗಾಡಿಯ ಚಕ್ರ ಹಳ್ಳದಲ್ಲಿ ನೆಗೆದು ನೆಲದ ಹಿಡಿತ ಬಿಡುತ್ತದೆ.

ನನ್ನ ಚಿಕ್ಕಪ್ಪ ತಮ್ಮ ಯೆಜ್ಡಿಗೆ ಬೇರೆ ಮಾಡೆಲಿನ ಗಟ್ಟಿ ಶಾಕ್ ಹಾಕಿಸಿದ್ದರು. ಬೂಸಾ ಮೂಟೆ ಹೇರಿದಾಗ ಗಾಡಿ ಗಜಗಾಂಭೀರ್ಯದಲ್ಲಿ ಹೋಗುತ್ತಿತ್ತು. ಒಂದು ದಿನ ಮೂಟೆ ಇಳಿಸಿ ಖಾಲಿ ಬರುವಾಗ ಮರಳು ಚೆಲ್ಲಿದ್ದ ತಿರುವಿನಲ್ಲಿ ಹಿಂದಿನ ಚಕ್ರ ಕುಪ್ಪಳಿಸಿ ಜಾರಿತು. ಕಾಲು ಮುರಿಯಿತು. ಊರವರೆಲ್ಲ ಮರಳನ್ನು ಬೈದರು. ಸ್ಪ್ರಿಂಗ್ ಕಡೆ ಯಾರೂ ನೋಡಲಿಲ್ಲ.

ಇನ್ನು ಕಾನೂನು. ನೋಂದಣಿ ಪತ್ರದ ವಿವರ ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದಾಯಿತು. ಆದರೆ ಹಿಂದಿನ ಸ್ಪ್ರಿಂಗ್ ಎಷ್ಟು ಗಟ್ಟಿ ಎಂಬುದು ಆರ್‌ಸಿ ನೋಡಿದರೆ ತಿಳಿಯುವುದಿಲ್ಲ. ಕರ್ಕಶ ಸೈಲೆನ್ಸರ್ ರಸ್ತೆಯಲ್ಲಿ ಸಿಕ್ಕಿಬೀಳುತ್ತದೆ, ತಪ್ಪು ಶಾಕ್ ಸಿಕ್ಕಿಬೀಳುವುದು ಆಸ್ಪತ್ರೆಯಲ್ಲಿ. ದಂಡದ ಹೆದರಿಕೆಯೊಂದರಿಂದಲೇ ಇದು ಸರಿಹೋಗುವುದಿಲ್ಲ.

ಸರಿಹೋಗಬೇಕಾದ್ದು ಗ್ಯಾರೇಜಿನಲ್ಲಿ. ಬದಲಿಸುವ ಮುಂಚೆ ಮೂರು ಪ್ರಶ್ನೆ ಕೇಳಿ. ಮೇಲಿನ ಬೋಲ್ಟ್‌ನಿಂದ ಕೆಳಗಿನ ಬೋಲ್ಟ್‌ವರೆಗಿನ ಉದ್ದ ಹಳೆಯದರಷ್ಟೇ ಇದೆಯಾ? ಆ ಶಾಕ್ ಇದ್ದ ಗಾಡಿಯ ತೂಕ ನಮ್ಮದಕ್ಕೆ ಹತ್ತಿರವಿದೆಯಾ? ಬುಷ್ ಸರಿಯಾದ ಅಳತೆಯದಾ, ಇಲ್ಲ ವಾಷರ್ ತುಂಬಿ ಕೂರಿಸಿದ್ದಾ? ಎರಡು ಶಾಕ್ ಇರುವ ಗಾಡಿಯಾದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹೆಸರು ನೋಡಿಯೂ ಮೋಸಹೋಗಬೇಡಿ: 2018ರಲ್ಲಿ ಮರಳಿ ಬಂದ ಜಾವಾ, 2022ರಲ್ಲಿ ಬಂದ ಯೆಜ್ಡಿ ಬೇರೆಯೇ ಗಾಡಿಗಳು.

ಯಾವ ಗಾಡಿಯ ಭಾಗ ಹಾಕಿದರೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಮೆಕ್ಯಾನಿಕ್ ಹಿಂಜರಿದರೆ, ಆ ಶಾಕ್ ಹಾಕಿಸಲು ನೀವೂ ಹಿಂಜರಿಯಿರಿ. ಆ ಬೈಕಿನ ಹಿಂದೆ ಕೂರುವುದು ಬೂಸಾ ಮೂಟೆ ಮಾತ್ರವಲ್ಲ, ಮಗು ಎತ್ತಿಕೊಂಡ ಮನೆಯವರೂ ಕೂರುತ್ತಾರೆ.