ಸೈಕಲ್ ಸಂಘಗಳೂ ಹಾದಿಯ ಹಕ್ಕೂ

ರವಿವಾರದ ನಸುಕಿನಲ್ಲಿ ಬೆಳಗಾವಿಯಿಂದ ಹೊರಟು ಪೀರನವಾಡಿಯ ಮೇಲೆ ಹಾಯ್ದು ಗುಡ್ಡಗಾಡಿನ ಕಡೆಗೆ ಸಾಗುವ ಸೈಕಲ್ ಸವಾರರ ತಂಡಗಳು ಈಗ ಯಾರಿಗೂ ಹೊಸ ನೋಟವಲ್ಲ. ಪೀರನವಾಡಿಯಲ್ಲಿ ಹಾದಿಯು ಕವಲೊಡೆಯುತ್ತದೆ. ಒಂದು ಮಚ್ಛೆಯ ಮೇಲೆ ಖಾನಾಪುರಕ್ಕೆ ಹೋದರೆ, ಇನ್ನೊಂದು ಕಿಣಯೆ, ಜಾಂಬೋಟಿಗಳನ್ನು ದಾಟಿ ಮಲಪ್ರಭೆಯು ಹುಟ್ಟುವ ಕಣಕುಂಬಿಯನ್ನು ಸೇರಿ, ಚೋರ್ಲಾ ಘಟ್ಟವನ್ನಿಳಿದು ಗೋವೆಗೆ ಹೋಗುತ್ತದೆ. ಏರಿಳಿತದ ದಾರಿ, ಕಾಡಿನ ತಂಪು, ನಡುವೆ ಕಾಫಿಗೋ ಚಹಕ್ಕೋ ತಂಗುವ ಒಂದು ಅಂಗಡಿ, ಇವುಗಳ ಸುಖವನ್ನು ಅಲ್ಲಗಳೆಯುವವನು ಅರಸಿಕನೇ ಸರಿ. ವ್ಯಾಯಾಮವಾಯಿತು, ನಾಡಿನ ದರ್ಶನವಾಯಿತು, ಹಳ್ಳಿಯ ಅಂಗಡಿಕಾರನಿಗೆ ನಾಲ್ಕು ಕಾಸೂ ದೊರೆಯಿತು. ಆದುದರಿಂದ ಆಕ್ಷೇಪವಿರುವುದು ಈ ಸುಖದ ಮೇಲಲ್ಲ. ಅದಕ್ಕಾಗಿ ಆಯ್ದುಕೊಂಡ ಹೊತ್ತಿನ ಮೇಲೆ.

ನಸುಕೇ ಏಕೆ? ಬಿಸಿಲಿನ ಭಯವೆಂದು ಮೊದಲ ಉತ್ತರ ಬರುತ್ತದೆ. ಮೋಡ ಕವಿದ ಶ್ರಾವಣದಲ್ಲಿ ಬಿಸಿಲೆಲ್ಲಿಯದು? ಆಗಲೂ ಹೊರಡುವುದು ನಸುಕಿನಲ್ಲಿಯೇ. ನಿಜವಾದ ಭಯವು ಲಾರಿ, ಮೋಟಾರುಗಳದು. ಹೊತ್ತೇರಿದ ಮೇಲೆ ಈ ಹಾದಿಯಲ್ಲಿ ಸೈಕಲ್ಲಿಗೆ ಎಡೆಯಿಲ್ಲವೆಂಬುದನ್ನು ಸಂಘದವರು ಚೆನ್ನಾಗಿ ಬಲ್ಲರು. ಬಲ್ಲುದರಿಂದಲೇ ಹೊತ್ತೇರುವ ಮೊದಲು ಹೊರಟು ಹೋಗುತ್ತಾರೆ. ಅಪಾಯವನ್ನು ತಿಳಿದವರು ಅದನ್ನು ತೊಲಗಿಸಲು ಯತ್ನಿಸದೆ, ತಾವು ಮಾತ್ರ ತಪ್ಪಿಸಿಕೊಂಡು ತೃಪ್ತರಾಗುವುದು ಯಾವ ಬಗೆಯ ಸಾಹಸವು?

ತಪ್ಪಿಸಿಕೊಳ್ಳಲಾರದ ಸವಾರನೂ ಅದೇ ಹಾದಿಯಲ್ಲಿದ್ದಾನೆ. ಉದ್ಯಮಬಾಗಿನ ಎರಕದ ಕಾರಖಾನೆಗೆ ಪಾಳಿಯ ಹೊತ್ತಿಗೆ ಮುಟ್ಟಬೇಕಾದ ಕೂಲಿಕಾರನು ನಸುಕನ್ನು ಆರಿಸಿಕೊಳ್ಳಲಾರನು. ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಪೇಟೆಗೆ ಬರುವವನ ಹೊತ್ತನ್ನು ಗಿರಾಕಿಯು ಗೊತ್ತುಮಾಡುತ್ತಾನೆ. ಶಾಲೆಗೆ ಹೋಗುವ ಹುಡುಗಿಯ ಹೊತ್ತನ್ನು ಗಂಟೆಯು ಗೊತ್ತುಮಾಡುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚುವ ಯೋಜನೆಯನ್ನು ಸರಕಾರವು 2006-07ರಲ್ಲಿ ಆರಂಭಿಸಿತು. ಹಲವು ವರ್ಷ ಸೈಕಲ್ಲುಗಳನ್ನು ಕೊಟ್ಟಿತು. ಅವನ್ನು ತುಳಿಯಲು ಹಾದಿಯ ಅಂಚಿನ ಒಂದು ಮಾರು ನೆಲವನ್ನು ಮಾತ್ರ ಕೊಡಲಿಲ್ಲ. ಹಿಂದಿನಿಂದ ಲಾರಿಯ ಕೂಗು ಕೇಳಿದೊಡನೆ ಡಾಂಬರಿನಿಂದ ಜಲ್ಲಿಗೆ ಇಳಿಯುವುದು, ಮಳೆಗಾಲದಲ್ಲಿ ಆ ಜಲ್ಲಿಯೂ ನೀರಿನಡಿಗೆ ಅಡಗಿರುವುದು, ಇದು ಇಂಥವರ ನಿತ್ಯದ ಪಾಡು.

ಇದು ಸಂಘದ ಕೆಲಸವಲ್ಲ, ಸಂಘವಿರುವುದು ವಿನೋದಕ್ಕಾಗಿ, ಎಂದು ಕೆಲವರು ಹೇಳಬಹುದು. ಇಂಥವರು ತಮ್ಮ ಕುಲದ ಚರಿತ್ರೆಯನ್ನೇ ಮರೆತವರು. ಇಂಗ್ಲಂಡದ ಸೈಕಲ್ ಪ್ರವಾಸಿಗಳ ಸಂಘವು 1878ರಲ್ಲಿ ಹುಟ್ಟಿತು. ಸವಾರರು ತಂಗಬಹುದಾದ ವಸತಿಗೃಹಗಳಿಗೆ ರೆಕ್ಕೆಯುಳ್ಳ ಚಕ್ರದ ಗುರುತನ್ನು ಹಚ್ಚಿ, ಪ್ರವಾಸದ ಸುಖವನ್ನು ಬೆಳೆಯಿಸಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 1886ರಲ್ಲಿ ಅಲ್ಲಿಯ ಸೈಕಲ್ ಸವಾರರೇ ಕೂಡಿ ರಸ್ತೆಗಳ ಸುಧಾರಣೆಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು. ಜರ್ಮನಿಯ ಬೆಂಜನು ತನ್ನ ಮೋಟಾರಿಗೆ ಪೇಟೆಂಟು ಪಡೆದುದೂ ಅದೇ ವರ್ಷ. ಒಳ್ಳೆಯ ರಸ್ತೆ ಬೇಕೆಂಬ ಕೂಗನ್ನು ಮೋಟಾರಿಗಿಂತ ಮುಂಚೆ ಎಬ್ಬಿಸಿದುದು ಸೈಕಲ್ಲು. ಇಂದು ಅದೇ ರಸ್ತೆಯಿಂದ ಸೈಕಲ್ಲನ್ನು ಹೊರಗೆ ತಳ್ಳಲಾಗುತ್ತಿದೆ. ತಳ್ಳಿಸಿಕೊಂಡವರು ಕಾಫಿ ಕುಡಿದು ಮನೆಗೆ ಮರಳುತ್ತಿದ್ದಾರೆ! ವಿನೋದದ ಅರ್ಧ ಪಾಠವನ್ನು ಕಲಿತು, ಕರ್ತವ್ಯದ ಅರ್ಧವನ್ನು ಬಿಟ್ಟರೆ ಹೇಗೆ?

ಸೈಕಲ್ಲು ತುಳಿಯುವವರು ಈಗ ಎಷ್ಟು ಜನ, ಅವರಿಗೇಕೆ ಬೇರೆ ದಾರಿ, ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರವನ್ನು ಭಾರತೀಯ ರಸ್ತೆ ಕಾಂಗ್ರೆಸ್ಸು 1962ರಲ್ಲಿಯೇ ಕೊಟ್ಟಿದೆ. ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರುಗಳು ಓಡುವ ಹಾದಿಯಲ್ಲಿ, ದಟ್ಟಣೆಯ ಹೊತ್ತಿಗೆ ಗಂಟೆಗೆ ನೂರೇ ಸೈಕಲ್ಲುಗಳಿದ್ದರೂ ಪ್ರತ್ಯೇಕ ದಾರಿಯು ಸಮರ್ಥನೀಯವೆಂದು ಅದು ಹೇಳಿತು. ಆ ದಾರಿಯ ಅಗಲವು 2 ಮೀಟರಿಗೆ ಕಡಿಮೆಯಿರಬಾರದೆಂದೂ ಹೇಳಿತು. ಹಾಗಾದರೆ ಪೀರನವಾಡಿಯಲ್ಲಿ ಪಾಳಿಯ ಹೊತ್ತಿಗೆ ಸೈಕಲ್ಲುಗಳೆಷ್ಟು? ಊಹೆಯಿಂದ ವಾದಿಸುವ ಬದಲು ನಿಂತು ಎಣಿಸತಕ್ಕದ್ದು. ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ 1200 ಕಿಲೋಮೀಟರಿನ ಯಾತ್ರೆಯನ್ನು ಆದರ್ಶವಾಗಿಟ್ಟುಕೊಂಡು, 200 ಕಿಲೋಮೀಟರುಗಳನ್ನು ಹದಿಮೂರುವರೆ ಗಂಟೆಯೊಳಗೆ ತುಳಿದು ಮುಗಿಸುವವರಿಗೆ, ಕೂಡುದಾರಿಯಲ್ಲಿ ಒಂದು ಗಂಟೆ ನಿಲ್ಲುವ ತಾಳ್ಮೆ ಇರಲಾರದೆ?

ನೆಲವಿಲ್ಲವೆಂಬುದು ಕೊನೆಯ ಆಕ್ಷೇಪ. ಮೋಟಾರುಗಳಿಗಾಗಿ ಖಾನಾಪುರದ ಹೆದ್ದಾರಿಯನ್ನು ಹಿಗ್ಗಿಸಬೇಕಾದಾಗ ನೆಲವು ಸಿಕ್ಕಿತು. ಕೇಳುವವರಿಗೆ ನೆಲವಿದೆ, ಕೇಳದವರಿಗೆ ಜಲ್ಲಿಯೇ ಗತಿ. ಕೂಲಿಕಾರನು ಕೇಳಲಾರನು, ಅರ್ಜಿ ಹಿಡಿದು ಕಚೇರಿಯ ಬಾಗಿಲು ಕಾದರೆ ಅವನ ದಿನಗೂಲಿ ಹೋಗುತ್ತದೆ. ಸಂಘಗಳಲ್ಲಿಯಾದರೋ ವೈದ್ಯರಿದ್ದಾರೆ, ಇಂಜಿನಿಯರರಿದ್ದಾರೆ, ವಕೀಲರಿದ್ದಾರೆ. ಅವರ ಮಾತನ್ನು ಅಧಿಕಾರಿಗಳು ಕುಳ್ಳಿರಿಸಿ ಕೇಳುತ್ತಾರೆ. ಆ ಮಾತು ಈವರೆಗೆ ಮುಂದಿನ ಕಾಫಿ ಎಲ್ಲಿ ಎಂಬ ಚರ್ಚೆಯಲ್ಲಿಯೇ ವೆಚ್ಚವಾಗುತ್ತಿದೆ.

ತಿಂಗಳಿಗೊಂದು ಸಾರಿಯಾದರೂ ಸಂಘಗಳು ನಸುಕನ್ನು ಬಿಟ್ಟು, ಕೆಲಸದ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೊರಡಲಿ. ಅಂದು ಜಾಂಬೋಟಿಯವರೆಗೆ ಹೋಗಬೇಕಾದುದಿಲ್ಲ. ಪೀರನವಾಡಿಯವರೆಗೆ ಹೋದರೆ ಸಾಕು. ಅಲ್ಲಿಯ ಅಂಗಡಿಯಲ್ಲಿ ಸೈಕಲ್ಲನ್ನು ಗೋಡೆಗೆ ಆನಿಸಿ ಚಹಾ ಕುಡಿಯುವ ಕೂಲಿಕಾರನ ಪಕ್ಕದಲ್ಲಿ ಕುಳಿತು, ಅವನು ಬಂದ ಹಾದಿ ಹೇಗಿತ್ತೆಂದು ಕೇಳಲಿ. ಅರ್ಜಿಯಲ್ಲಿ ಬರೆಯಬೇಕಾದ ಮೊದಲ ವಾಕ್ಯವು ಅಲ್ಲಿಯೇ ಸಿಕ್ಕೀತು.