ಮೈಲೇಜಿನ ಲೆಕ್ಕ ಮುಚ್ಚಿಡುವುದೇಕೆ?

ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆ ಬೇಕರಿ, ಹೋಟೆಲ್ ಅಂತ ದುಡಿಯುವ ನಮ್ಮವರಿಗೆ ಕಾರು ಈಗ ಶೋಕಿಯಲ್ಲ. ರಜೆಗೆ ಊರಿಗೆ ಬರಬೇಕಾದರೆ ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿಯಬೇಕು. ಮನೆಮಂದಿ ಐದು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಬೇರೆ. ಶೋರೂಮಿನಲ್ಲಿ "ಇಪ್ಪತ್ನಾಲ್ಕು ಕೊಡ್ತದೆ" ಅಂದ ಗಾಡಿ ಹದಿನಾರು ಕೊಟ್ಟರೆ ನಾವು ಓಡಿಸಿದವನ ಕಾಲನ್ನೇ ದೂರುತ್ತೇವೆ.

ಆ 24 ಸುಳ್ಳು ಅಂತ ನಾವು ಹೇಳುವುದಿಲ್ಲ. ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಯಲ್ಲಿ ಕಾರನ್ನು ರೋಲರ್ ಮೇಲೆ ಸುಮಾರು 20 ನಿಮಿಷ ಓಡಿಸಿ ತೆಗೆದ ಸಂಖ್ಯೆ ಅದು. ವೇಗ 90 ದಾಟುವುದಿಲ್ಲ, ಎ.ಸಿ. ಬಂದ್. ತವಂದಿ ಘಾಟಿನ ಏರು ಅಲ್ಲಿಲ್ಲ. ರಾಯಬಾಗ, ಕಾಗವಾಡದ ರಸ್ತೆಯಲ್ಲಿ ಕಬ್ಬಿನ ಹಂಗಾಮಿಗೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳುವುದೂ ಇಲ್ಲ. ಒಂದು ಕಾರಿಗೆ ಇನ್ನೊಂದನ್ನು ಹೋಲಿಸಲು ಆ ಸಂಖ್ಯೆ ಸರಿ, ಮನೆಖರ್ಚಿನ ಲೆಕ್ಕಕ್ಕೆ ಆಗುವುದಿಲ್ಲ. ಇದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳದಿರುವುದೇ ನಮ್ಮ ತಕರಾರು.

ತಿಂಗಳಿಗೆ 1,000 ಕಿ.ಮೀ. ಓಡಿದರೆ 24ರ ಲೆಕ್ಕಕ್ಕೆ 42 ಲೀಟರ್ ಸಾಕು, 16 ಆದರೆ 62ರ ಮೇಲೆ ಬೇಕು. ಲೀಟರಿಗೆ ನೂರು ಅಂತಿಟ್ಟರೂ ತಿಂಗಳಿಗೆ ಎರಡು ಸಾವಿರ ಹೆಚ್ಚು. ಒಂದೆರಡು ರೂಪಾಯಿ ಉಳಿಯುತ್ತದೆಂದು ಮಹಾರಾಷ್ಟ್ರದಿಂದ ಗಡಿ ದಾಟಿ ಈಚೆ ಪೆಟ್ರೋಲ್ ಹಾಕಿಸಿಕೊಳ್ಳುವ ಊರುಗಳಿವು. ಇಲ್ಲಿ ಎರಡು ಸಾವಿರ ಅಂದ್ರೆ ಮಕ್ಕಳ ಫೀಸು.

ಅಮೆರಿಕದಲ್ಲಿ ಹೊಸ ಕಾರಿನ ಗಾಜಿಗೇ ಚೀಟಿ ಅಂಟಿಸುತ್ತಾರೆ. ಪೇಟೆಯಲ್ಲಿ ಎಷ್ಟು, ಹೆದ್ದಾರಿಯಲ್ಲಿ ಎಷ್ಟು, ವರ್ಷದ ಇಂಧನ ಖರ್ಚೆಷ್ಟು, ಎಲ್ಲ ಬೇರೆಬೇರೆ. ನಮ್ಮಲ್ಲೂ ಅದು ಕನ್ನಡದಲ್ಲಿ ಬರಲಿ. ಪಕ್ಕದ ಕೇರಳದ ತ್ರಿಶೂರಿನಲ್ಲಿ ಲೀಟರಿಗೆ 32 ಅಂತ ಜಾಹೀರಾತು ನೋಡಿ ಕಾರು ಕೊಂಡ ಹೆಣ್ಣುಮಗಳೊಬ್ಬರು ಗ್ರಾಹಕರ ಆಯೋಗಕ್ಕೆ ಹೋದರು. ಪರೀಕ್ಷೆಯಲ್ಲಿ 20 ಕೂಡ ಬರಲಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಪರಿಹಾರ ಕೊಡಲು ಆದೇಶವಾಯಿತು. ಕೇಳುವವರಿದ್ದರೆ ಸಿಗುತ್ತದೆ.

ಮದೀನಾದ ಪೇಟೆಯಲ್ಲಿ ಪ್ರವಾದಿ(ಸ)ಯವರು ಧಾನ್ಯದ ರಾಶಿಗೆ ಕೈ ಹಾಕಿದಾಗ ಬೆರಳು ಒದ್ದೆಯಾದ ಹದೀಸನ್ನು ಮದ್ರಸದಲ್ಲಿ ಸಣ್ಣ ಮಕ್ಕಳಿಗೂ ಕಲಿಸುತ್ತೇವೆ. ಮಳೆಗೆ ನೆನೆಯಿತು ಅಂದ ವ್ಯಾಪಾರಿಗೆ, ಹಾಗಿದ್ದರೆ ಒದ್ದೆಯದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಯಾಕೆ ಇಡಲಿಲ್ಲ ಅಂತ ಅವರು ಕೇಳಿದರು. ಧಾನ್ಯ ಒದ್ದೆಯಾದದ್ದು ತಪ್ಪಲ್ಲ, ಅಡಿಯಲ್ಲಿ ಮುಚ್ಚಿಟ್ಟದ್ದು ತಪ್ಪು.

ಕಂಪೆನಿಗಳಿಗೆ ಮಾತ್ರ ಹೇಳಿ ಕೂತರೆ ನ್ಯಾಯವಲ್ಲ. ಸೆಕೆಂಡ್‌ಹ್ಯಾಂಡ್ ಕಾರಿನ ವ್ಯಾಪಾರದಲ್ಲಿ ನಮ್ಮವರೂ ಇದ್ದೇವೆ. ಮೀಟರ್ ಹಿಂದಕ್ಕೆ ತಿರುಗಿಸಿ ಒಂದು ಲಕ್ಷ ಓಡಿದ್ದನ್ನು ನಲವತ್ತು ಸಾವಿರ ಅನ್ನುವವನಿಗೆ, ಮಸೀದಿಯ ಮೊದಲ ಸಾಲಿನಲ್ಲಿ ನಿಂತರೂ, ಆ ದುಡ್ಡಿನಲ್ಲಿ ಬರಕತ್ ಎಲ್ಲಿಂದ ಬಂದೀತು?

ಮೈಲೇಜ್ ನೋಡುವುದು ಕಷ್ಟವಲ್ಲ. ಟ್ಯಾಂಕ್ ಫುಲ್ ಮಾಡಿ ಮೀಟರ್ ಬರೆದಿಡಿ. ಮುನ್ನೂರು ನಾನೂರು ಕಿ.ಮೀ. ಓಡಿದ ಮೇಲೆ ಮತ್ತೆ ಫುಲ್ ಮಾಡಿ, ಓಡಿದ ಕಿ.ಮೀ.ಯನ್ನು ಆಗ ಹಾಕಿದ ಲೀಟರಿನಿಂದ ಭಾಗಿಸಿ. ಘಾಟಿಯ ದಾರಿ, ಪೇಟೆಯ ಓಡಾಟ ಬೇರೆಬೇರೆ ಬರೆಯಿರಿ. ಗಾಡಿ ಮಾರುವ ದಿನ ಬಂದರೆ ಸರ್ವಿಸ್ ಪುಸ್ತಕದ ಜೊತೆಗೆ ಆ ಚೀಟಿಯನ್ನೂ ಕೊಳ್ಳುವವರ ಕೈಗೆ ಕೊಡಿ.